ಹದಿನಾರು ದಿನ, ಹನ್ನೊಂದು ಕೆಲಸದ ದಿನ: ಹುಬ್ಬಳ್ಳಿಯಿಂದ ಯುರೋಪಿಗೆ ಹೋಗಿಬರುವ ಲೆಕ್ಕ

ವಿದೇಶಕ್ಕೆ ಹೋಗಬೇಕೆಂದ ಕೂಡಲೇ ಎಲ್ಲರೂ ಊರುಗಳ ಪಟ್ಟಿ ಬರೆಯಲು ಕೂರುತ್ತಾರೆ. ಪ್ಯಾರಿಸ್, ಆಮ್‌ಸ್ಟರ್‌ಡ್ಯಾಮ್, ಸ್ವಿಟ್ಜರ್ಲೆಂಡ್, ವೆನಿಸ್, ರೋಮ್ ಎಂದು ಪಟ್ಟಿ ಬೆಳೆಯುತ್ತದೆ, ದಿನಗಳು ಮಾತ್ರ ಇದ್ದಷ್ಟೇ ಇರುತ್ತವೆ. ರಜೆಯೂ ದುಡ್ಡೂ ಕಡಿಮೆ ಇದ್ದವರು ಮೊದಲು ರಾತ್ರಿ ಎಣಿಸಬೇಕು. ಅಲ್ಲಿ ಎಷ್ಟು ರಾತ್ರಿ ಮಲಗುತ್ತೀರಿ ಎಂಬುದು ಗಟ್ಟಿಯಾದರೆ ಖರ್ಚು, ಟಿಕೆಟ್ಟು, ಕೊನೆಗೆ ಯಾವ ದೇಶದ ವೀಸಾಕ್ಕೆ ಅರ್ಜಿ ಹಾಕಬೇಕು ಎಂಬುದೂ ಅದರಿಂದಲೇ ತೀರ್ಮಾನವಾಗುತ್ತದೆ.

ರಜೆಯಿಂದ ಶುರು ಮಾಡೋಣ. ರಾಜ್ಯ ಸರ್ಕಾರಿ ಕಚೇರಿಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಎರಡನೇ ಶನಿವಾರದಿಂದ ನಾಲ್ಕನೇ ಶನಿವಾರದ ಮರುದಿನದ ಭಾನುವಾರದವರೆಗೆ 16 ದಿನ. ಅದರಲ್ಲಿ ಕೆಲಸದ ದಿನ 11 ಮಾತ್ರ: ಎರಡು ವಾರದ ಹತ್ತು ದಿನ, ನಡುವಿನ ಮೂರನೇ ಶನಿವಾರ ಒಂದು. ವಾರಕ್ಕೆ ಐದೇ ದಿನ ಕೆಲಸ ಇರುವವರಿಗೆ 10. ಸರ್ಕಾರಿ ನೌಕರರು ಗಳಿಕೆ ರಜೆ ಮಂಜೂರಾದರೆ ಮುಗಿಯಿತು ಎಂದುಕೊಳ್ಳಬಾರದು. ವಿದೇಶ ಪ್ರಯಾಣಕ್ಕೆ ಇಲಾಖೆಯ ಪೂರ್ವಾನುಮತಿ ಬೇರೆಯೇ ಬೇಕು. ಕಡತ ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಹೋಗಲು ಸಮಯ ಹಿಡಿಯುತ್ತದೆ, ಹಾಗಾಗಿ ಟಿಕೆಟ್ ತೆಗೆಸುವ ಮೊದಲೇ ಅರ್ಜಿ ಕೊಡಿ.

ಮಕ್ಕಳ ಬೇಸಿಗೆ ರಜೆ ನೋಡಿಕೊಂಡು ಹೋಗುವವರಿಗೆ ಮೇ ತಿಂಗಳು ಅನುಕೂಲ. ಆಗ ನಮ್ಮಲ್ಲಿ ಬಿಸಿಲು ಸುಡುತ್ತಿರುತ್ತದೆ, ಯುರೋಪಿನಲ್ಲಿ ವಸಂತ. ಅಲ್ಲಿಯ ಬೇಸಿಗೆ ರಜೆಯ ನೂಕುನುಗ್ಗಲು ಇನ್ನೂ ಶುರುವಾಗಿರುವುದಿಲ್ಲ. ಒಂದು ಕೊರತೆ ಇದೆ: ಸ್ವಿಟ್ಜರ್ಲೆಂಡಿನ ಕೆಲವು ಕೇಬಲ್ ಕಾರುಗಳನ್ನು ಏಪ್ರಿಲ್–ಮೇನಲ್ಲಿ ದುರಸ್ತಿಗೆಂದು ನಿಲ್ಲಿಸಿರುತ್ತಾರೆ. ನೀವು ಹತ್ತಬೇಕೆಂದಿರುವ ಬೆಟ್ಟದ ಕಾರು ಆ ವಾರ ಓಡುತ್ತದೆಯೇ ಎಂದು ನೋಡಿ ಆಮೇಲೆ ಊರು ಆರಿಸಿ.

ಈಗ ರಾತ್ರಿ ಲೆಕ್ಕ. ಹುಬ್ಬಳ್ಳಿ ವಿಮಾನ ನಿಲ್ದಾಣದಿಂದ ನೇರ ವಿದೇಶಿ ವಿಮಾನ ಇಲ್ಲ. ಶುಕ್ರವಾರ ರಾತ್ರಿ ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ (ಧಾರವಾಡ, ಹಾವೇರಿಯವರಿಗೂ ಇದೇ ಗಾಡಿ) ಶನಿವಾರ ಬೆಳಿಗ್ಗೆ ಬೆಂಗಳೂರು. ವಿಮಾನ ಶನಿವಾರ ತಡರಾತ್ರಿ ಅಥವಾ ಭಾನುವಾರ ನಸುಕಿನಲ್ಲಿ. ಭಾನುವಾರ ಸಂಜೆಯೊಳಗೆ ಪ್ಯಾರಿಸ್. ಮರಳುವಾಗ ಎರಡನೇ ವಾರದ ಶುಕ್ರವಾರ ಅಲ್ಲಿಂದ ಹೊರಟು, ಶನಿವಾರ ಬೆಂಗಳೂರು, ಅದೇ ರಾತ್ರಿ ರೈಲು, ಭಾನುವಾರ ಬೆಳಿಗ್ಗೆ ಮನೆ. ಅಂದರೆ 16 ದಿನದಲ್ಲಿ ಯುರೋಪಿನ ನೆಲದ ಮೇಲೆ ಮಲಗುವುದು 12 ರಾತ್ರಿ.

ಊರು ಬದಲಿಸಿದಾಗೆಲ್ಲ ಅರ್ಧ ದಿನ ಹೋಗುತ್ತದೆ. ಬೆಳಿಗ್ಗೆ ರೂಮು ಖಾಲಿ ಮಾಡಿ, ಸ್ಟೇಷನ್ ಹುಡುಕಿ, ಹೊಸ ಊರು ಮುಟ್ಟಿ, ಅಲ್ಲಿ ರೂಮು ಕೊಡುವ ಮಧ್ಯಾಹ್ನ ಎರಡು–ಮೂರರವರೆಗೆ ಬ್ಯಾಗು ಕಾಯುತ್ತ ಕೂರಬೇಕು. 12 ರಾತ್ರಿಗೆ ಆರು ಊರು ಇಟ್ಟುಕೊಂಡರೆ ಐದು ಬಾರಿ ಊರು ಬದಲಿಸಬೇಕು, ಎರಡೂವರೆ ದಿನ ರೈಲಿನಲ್ಲೇ ಕಳೆಯುತ್ತದೆ. ಮೂರು ಊರು ಸಾಕು: ಪ್ಯಾರಿಸ್ 4, ಸ್ವಿಟ್ಜರ್ಲೆಂಡಿನ ಲುಸರ್ನ್ 3, ರೋಮ್ 5.

ಈ ಅಂಕಿಗಳನ್ನು ವಾರದ ದಿನಗಳ ಜೊತೆ ಕೂಡಿಸಿ ನೋಡುವುದನ್ನು ಬಹಳ ಜನ ಮರೆಯುತ್ತಾರೆ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಮಂಗಳವಾರ ಮುಚ್ಚಿರುತ್ತದೆ, ಅದನ್ನು ಸೋಮವಾರ ಅಥವಾ ಬುಧವಾರ ಇಟ್ಟುಕೊಳ್ಳಿ. ಗುರುವಾರ ಲುಸರ್ನ್‌ಗೆ ಹೊರಡಿ. ಪ್ಯಾರಿಸ್‌ನಿಂದ ಝ್ಯೂರಿಕ್‌ಗೆ ವೇಗದ ರೈಲಿನಲ್ಲಿ ಸುಮಾರು ನಾಲ್ಕು ತಾಸು, ಅಲ್ಲಿಂದ ಲುಸರ್ನ್ ಒಂದು ತಾಸಿನೊಳಗೆ. ಸ್ವಿಟ್ಜರ್ಲೆಂಡಿನಲ್ಲಿ ಭಾನುವಾರ ಬಹುಪಾಲು ಅಂಗಡಿ ಬಂದ್, ದಾರಿಯ ಬುತ್ತಿಗೆ ಬೇಕಾದ್ದನ್ನು ಶನಿವಾರವೇ ಕೊಂಡಿಟ್ಟುಕೊಳ್ಳಬೇಕು. ಭಾನುವಾರ 57 ಕಿ.ಮೀ. ಉದ್ದದ ಗೊಟ್ಟಾರ್ಡ್ ಸುರಂಗ ದಾಟಿ ಮಿಲಾನ್, ಅಲ್ಲಿ ಗಾಡಿ ಬದಲಿಸಿ ಮೂರು ತಾಸಿನಲ್ಲಿ ರೋಮ್.

ನಡುವೆ ಫ್ಲಾರೆನ್ಸ್‌ನಲ್ಲಿ ಎರಡು ರಾತ್ರಿ ಇಳಿದರೆ ಹೇಗೆ ಎಂದು ಅನಿಸುತ್ತದೆ. ಭಾನುವಾರ ಸಂಜೆ ಅಲ್ಲಿ ಇಳಿದರೆ ಕೈಗೆ ಸಿಗುವುದು ಸೋಮವಾರ ಒಂದೇ. ಫ್ಲಾರೆನ್ಸ್‌ನ ಉಫೀಜಿ ಕಲಾ ಗ್ಯಾಲರಿ ಸೋಮವಾರ ಮುಚ್ಚಿರುತ್ತದೆ, ಮೈಕೆಲೇಂಜೆಲೊನ ಡೇವಿಡ್ ಶಿಲ್ಪ ಇರುವ ಅಕಾಡೆಮಿಯಾ ಗ್ಯಾಲರಿ ಕೂಡ. ಆದ್ದರಿಂದ ಐದೂ ರಾತ್ರಿ ರೋಮ್‌ನಲ್ಲೇ ಇದ್ದು, ಬುಧವಾರ ಒಂದು ದಿನದ ಮಟ್ಟಿಗೆ ಫ್ಲಾರೆನ್ಸ್‌ಗೆ ಹೋಗಿಬನ್ನಿ. ವೇಗದ ರೈಲಿನಲ್ಲಿ ಒಂದೂವರೆ ತಾಸು. ಬುಧವಾರವೇ ಏಕೆಂದರೆ, ಅವತ್ತು ಬೆಳಿಗ್ಗೆ ಸಾಮಾನ್ಯವಾಗಿ ಪೋಪ್ ಅವರ ಸಾರ್ವಜನಿಕ ದರ್ಶನ ಇರುವುದರಿಂದ ಅದು ಮುಗಿಯುವವರೆಗೆ ವ್ಯಾಟಿಕನ್‌ನ ಸೇಂಟ್ ಪೀಟರ್ಸ್ ಚರ್ಚಿನೊಳಗೆ ಪ್ರವಾಸಿಗರನ್ನು ಬಿಡುವುದಿಲ್ಲ. ವ್ಯಾಟಿಕನ್ ಮಂಗಳವಾರ ಮುಗಿಸಿ, ಕೊಲೋಸಿಯಂ ಗುರುವಾರಕ್ಕೆ ಇಟ್ಟುಕೊಳ್ಳಿ. ಕೊಲೋಸಿಯಂ ಟಿಕೆಟ್ಟಿನ ಮೇಲೆ ಹೆಸರು ಇರುತ್ತದೆ, ಪಾಸ್‌ಪೋರ್ಟಿನಲ್ಲಿ ಇದ್ದಂತೆಯೇ ತುಂಬಿ.

ವಿಮಾನದ ಟಿಕೆಟ್ ಹುಡುಕುವಾಗ 'ಮಲ್ಟಿ ಸಿಟಿ' ಒತ್ತಿ: ಬೆಂಗಳೂರು–ಪ್ಯಾರಿಸ್, ರೋಮ್–ಬೆಂಗಳೂರು. ಪ್ಯಾರಿಸ್‌ಗೇ ಹೋಗಿ ಬರುವ ಟಿಕೆಟ್ ಎರಡು ಸಾವಿರ ಅಗ್ಗ ಕಂಡರೂ ರೋಮ್‌ನಿಂದ ಪ್ಯಾರಿಸ್‌ಗೆ ಮರಳುವ ಖರ್ಚು, ಒಂದು ದಿನ ಎರಡನ್ನೂ ಅದಕ್ಕೆ ಕೂಡಿಸಿ ನೋಡಿ. ಮುಂಬಯಿಯಿಂದ ಕಡಿಮೆ ಇದ್ದರೆ ಅಲ್ಲಿಗೆ ಹೋಗುವ ರಾತ್ರಿ ಬಸ್ಸು, ಅಲ್ಲಿ ಇಡೀ ದಿನ ಕಳೆಯುವ ಖರ್ಚನ್ನೂ ಸೇರಿಸಿ ಹೋಲಿಸಬೇಕು. ಹುಬ್ಬಳ್ಳಿ–ಬೆಂಗಳೂರು ವಿಮಾನವನ್ನು ಬೇರೆ ಟಿಕೆಟ್ಟಿನಲ್ಲಿ ತೆಗೆಸಿ, ಅದು ತಡವಾಗಿ ಮುಂದಿನ ವಿಮಾನ ತಪ್ಪಿದರೆ ಆ ಕಂಪನಿಗೆ ಯಾವ ಜವಾಬ್ದಾರಿಯೂ ಇರುವುದಿಲ್ಲ. ಅದಕ್ಕೇ ಹೋಗುವಾಗ ಬೆಂಗಳೂರಿನಲ್ಲಿ ಒಂದು ಹಗಲು ಇಟ್ಟಿರುವುದು. ಅದನ್ನು ಉಳಿಸಲು ಹೋಗಬೇಡಿ.

ವೀಸಾ. ಈ ಮೂರೂ ದೇಶ ಷೆಂಗೆನ್ ಒಕ್ಕೂಟದಲ್ಲಿವೆ, ಒಂದೇ ವೀಸಾ ಸಾಕು. ಹೆಚ್ಚು ದಿನ ಇರುವ ದೇಶಕ್ಕೆ ಅರ್ಜಿ ಹಾಕಬೇಕು. ಇಲ್ಲಿ ಇಳಿಯುವುದು ಪ್ಯಾರಿಸ್‌ನಲ್ಲಾದರೂ ಐದು ರಾತ್ರಿ ಇಟಲಿಯಲ್ಲಿ, ಆದ್ದರಿಂದ ಅರ್ಜಿ ಇಟಲಿಗೆ. ಎರಡು ದೇಶಗಳಲ್ಲಿ ದಿನ ಸಮ ಬಂದರೆ ಮಾತ್ರ ಮೊದಲು ಕಾಲಿಡುವ ದೇಶಕ್ಕೆ. ಅಪಾಯಿಂಟ್‌ಮೆಂಟ್ ಬೇಗ ಸಿಕ್ಕಿತೆಂದು ಬೇರೆ ದೇಶಕ್ಕೆ ಹಾಕುವುದು ನಿರಾಕರಣೆಗೆ ದಾರಿ. ಪ್ರಯಾಣಕ್ಕೆ 6 ತಿಂಗಳು ಮೊದಲಿನಿಂದ ಅರ್ಜಿ ತಗೊಳ್ಳುತ್ತಾರೆ, ಕೊನೆಯ ಗಡುವು 15 ದಿನ ಮೊದಲು. ತೀರ್ಮಾನಕ್ಕೆ ಸಾಮಾನ್ಯವಾಗಿ 15 ದಿನ, ಹೆಚ್ಚಿನ ಪರಿಶೀಲನೆಗೆ ಹೋದರೆ 45. ಮೇ ಪ್ರವಾಸಕ್ಕೆ ಜನವರಿ–ಫೆಬ್ರುವರಿಯಲ್ಲೇ ಬೆಂಗಳೂರಿನ ವೀಸಾ ಕೇಂದ್ರದ ದಿನಾಂಕ ಹಿಡಿಯಿರಿ. ಮೊದಲ ಸಲ ಅರ್ಜಿ ಹಾಕುವವರು ಬೆರಳಚ್ಚಿಗೆ ಖುದ್ದು ಹೋಗಲೇಬೇಕು. ಶುಲ್ಕ ದೊಡ್ಡವರಿಗೆ 90 ಯುರೋ, 6ರಿಂದ 11 ವರ್ಷದವರಿಗೆ 45, ಅದಕ್ಕಿಂತ ಚಿಕ್ಕವರಿಗೆ ಇಲ್ಲ. ವೀಸಾ ಸಿಗದಿದ್ದರೆ ಹಣ ವಾಪಸ್ ಬರುವುದಿಲ್ಲ. ಪ್ರವಾಸ ವಿಮೆ ಕನಿಷ್ಠ 30,000 ಯುರೋ ಮೊತ್ತದ್ದಾಗಿರಬೇಕು. ವೀಸಾ ಬರುವವರೆಗೆ ರದ್ದು ಮಾಡಬಹುದಾದ ರೂಮುಗಳನ್ನೇ ಕಾದಿರಿಸಿ.

ನಮ್ಮ ಭಾಗದವರ ಕಾಗದಪತ್ರಗಳಲ್ಲಿ ಎರಡು ಕಡೆ ತೊಡಕಾಗುತ್ತದೆ. ಮೊದಲನೆಯದು ಹೆಸರು. ಆಧಾರ್‌ನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಬಿಡಿಸಿದ ಹೆಸರು, ಬ್ಯಾಂಕಿನಲ್ಲಿ ಅಡ್ಡಹೆಸರು ಮುಂದೆ. ವಿಮಾನ, ವಿಮೆ, ರೈಲು ಎಲ್ಲದಕ್ಕೂ ಪಾಸ್‌ಪೋರ್ಟಿನ ಹೆಸರನ್ನೇ ಅಕ್ಷರ ಬಿಡದೆ ಬಳಸಿ. ಎರಡನೆಯದು ಕೃಷಿ ಆದಾಯ. ಬ್ಯಾಡಗಿ ಮಾರುಕಟ್ಟೆಯಲ್ಲಿ ಮೆಣಸಿನಕಾಯಿ ಮಾರಿದ ನಾಲ್ಕು ಲಕ್ಷ ಒಂದೇ ದಿನ ಖಾತೆಗೆ ಬಿದ್ದಿರುತ್ತದೆ. ಬ್ಯಾಂಕ್ ಸ್ಟೇಟ್‌ಮೆಂಟ್ ನೋಡುವ ಅಧಿಕಾರಿಗೆ ಅದು ವೀಸಾಕ್ಕೆಂದು ಯಾರಿಂದಲೋ ತಂದು ತುಂಬಿದ ಹಣದಂತೆ ಕಾಣುತ್ತದೆ. ಆ ಜಮಾದ ಪಕ್ಕ ಗುರುತು ಹಾಕಿ, ದಲಾಲರ ಅಂಗಡಿಯ ಪಟ್ಟಿ ಮತ್ತು ಹೊಲದ ಉತಾರ (ಪಹಣಿ) ಲಗತ್ತಿಸಿ. ಎರಡೂ ಕನ್ನಡದಲ್ಲಿರುತ್ತವೆ, ಇಂಗ್ಲಿಷ್ ಅನುವಾದ ಜೊತೆಗಿರಲಿ. ವಿವರಣೆ ಪತ್ರದಲ್ಲಿ ಎರಡು ಸಾಲು ಬರೆದರೆ ಸಾಕು: ಇಂಥ ದಿನ, ಇಷ್ಟು ಚೀಲ, ಇಷ್ಟು ಹಣ.

ಖರ್ಚನ್ನೂ ರಾತ್ರಿಯ ಮೇಲೆಯೇ ಹಂಚಿ. ತಲೆಗೆ ಎರಡೂವರೆ ಲಕ್ಷ ಇದೆ ಎಂದುಕೊಳ್ಳಿ. ವಿಮಾನಕ್ಕೆ 75,000, ವೀಸಾ, ವಿಮೆ, ಬೆಂಗಳೂರಿನ ಓಡಾಟಕ್ಕೆ 20,000, ಯುರೋಪಿನ ರೈಲುಗಳಿಗೆ 25,000 ಎಂದು ಹಿಡಿದರೆ ಉಳಿಯುವುದು 1,30,000. ಅದರಲ್ಲಿ 25,000 ಆಪತ್ತಿಗೆಂದು ಮುಟ್ಟದೆ ಇಡಿ. ಉಳಿದ 1,05,000ವನ್ನು 12ರಿಂದ ಭಾಗಿಸಿದರೆ ರಾತ್ರಿಗೆ 8,750. ಯುರೋಗೆ 105 ರೂಪಾಯಿಯಂತೆ 83 ಯುರೋ. ಇದರಲ್ಲೇ ರೂಮು, ಊಟ, ಪ್ರವೇಶ ಟಿಕೆಟ್ಟು, ಪ್ಯಾರಿಸ್, ರೋಮ್‌ಗಳಲ್ಲಿ ರೂಮಿನ ಬಾಡಿಗೆಯ ಮೇಲೆ ಕೇಳುವ ನಗರ ತೆರಿಗೆ. ಇಬ್ಬರು ಒಂದು ರೂಮು ಹಂಚಿಕೊಂಡರೆ ರೋಮ್‌ನಲ್ಲಿ ನಡೆಯುತ್ತದೆ, ಲುಸರ್ನ್‌ನಲ್ಲಿ ಬಿಗಿ. ಸಾಲದಿದ್ದರೆ ಸ್ವಿಸ್‌ನ ಒಂದು ರಾತ್ರಿ ತೆಗೆದು ರೋಮ್‌ಗೆ ಹಾಕಿ. ಆಪತ್ತಿನ ದುಡ್ಡು ಮುಟ್ಟಬೇಡಿ. ವೇಗದ ರೈಲುಗಳ ಅಗ್ಗದ ಟಿಕೆಟ್‌ಗಳು ಬೇಗ ಖಾಲಿಯಾಗುತ್ತವೆ, ವೀಸಾ ಕೈಗೆ ಬಂದ ದಿನವೇ ಕೊಳ್ಳಿ.

ನಮ್ಮ ಬ್ಯಾಂಕುಗಳ ಬಹಳಷ್ಟು ಕಾರ್ಡುಗಳು ವಿದೇಶದಲ್ಲಿ ಉಜ್ಜಿದಾಗ 2ರಿಂದ 3.5 ಶೇಕಡಾ ಹೆಚ್ಚುವರಿ ಹಿಡಿಯುತ್ತವೆ, ಅದರ ಮೇಲೆ ಜಿಎಸ್‌ಟಿ. ಅಂಗಡಿಯ ಯಂತ್ರ 'ರೂಪಾಯಿಯೋ ಯುರೋನೋ' ಎಂದು ಕೇಳಿದರೆ ಯುರೋ ಒತ್ತಿ. ರೂಪಾಯಿ ಒತ್ತಿದರೆ ಅವರು ಹೇಳಿದ ದರ.

ಬುತ್ತಿಯ ವಿಷಯ ಸಣ್ಣದಲ್ಲ, ದಿನಕ್ಕೆ ಒಂದು ಹೊತ್ತಿನ ಊಟ ಉಳಿದರೆ ಒಂದು ರಾತ್ರಿಯ ರೂಮಿನ ದುಡ್ಡು ಹುಟ್ಟುತ್ತದೆ. ಕಟಕ ರೊಟ್ಟಿ ಒಯ್ಯಲು ಹೇಳಿ ಮಾಡಿಸಿದ್ದು, ಆದರೆ ದೊಡ್ಡ ಬ್ಯಾಗಿನಲ್ಲಿ ಹಾಕಿದರೆ ಪುಡಿಯಾಗಿ ಇಳಿಯುತ್ತದೆ. ಅಗಲ ಸ್ಟೀಲ್ ಡಬ್ಬಿಯ ತಳಕ್ಕೆ ಹತ್ತಿ ಬಟ್ಟೆ ಹಾಸಿ, ರೊಟ್ಟಿ ಒಟ್ಟಿ, ಮೇಲೆ ಅಲುಗಾಡದಷ್ಟು ಬಟ್ಟೆ ತುರುಕಿ, ಕೈಚೀಲದಲ್ಲೇ ಒಯ್ಯಿರಿ. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ದೊಡ್ಡ ಬ್ಯಾಗಿಗೆ. ಯುರೋಪಿಯನ್ ಒಕ್ಕೂಟದೊಳಗೆ ಹೊರಗಿನ ಹಾಲು, ಮಾಂಸದ ಪದಾರ್ಥ ಒಯ್ಯುವಂತಿಲ್ಲ. ತುಪ್ಪದ ಡಬ್ಬಿ ಬೇಡ, ಧಾರವಾಡ ಪೇಢಾ ಕೂಡ ಹಾಲಿನದೇ, ಮನೆಯಲ್ಲೇ ಬಿಡಿ.

ಮರಳುವ ಶನಿವಾರದ ರಾತ್ರಿ ರೈಲಿನ ಬುಕಿಂಗ್ ತೆರೆಯುವುದು 60 ದಿನ ಮೊದಲು. ಬೇಸಿಗೆ ರಜೆಯಲ್ಲಿ ಬರ್ತುಗಳು ಬೇಗ ತುಂಬುತ್ತವೆ. ಹೋಗುವ ಶುಕ್ರವಾರ, ಬರುವ ಶನಿವಾರ, ಎರಡರಿಂದಲೂ 60 ದಿನ ಹಿಂದಕ್ಕೆ ಎಣಿಸಿ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ.