ಊಟದ ಹೊತ್ತಿನ ಮಾತು ಮಗಳಿಗೂ ಕಾಣಬೇಕು

ಮಗಳಿಗೆ ಕಿವಿ ಕೇಳಿಸುವುದಿಲ್ಲ ಅಂತ ಗೊತ್ತಾದಾಗ ಅವಳಿಗೆ ಒಂದೂವರೆ ವರ್ಷ. ನಮ್ಮ ಮನೆಯಲ್ಲಿ ಯಾರಿಗೂ ಸನ್ನೆ ಭಾಷೆ ಬರುತ್ತಿರಲಿಲ್ಲ. ಹೆಚ್ಚಿನ ಮನೆಗಳ ಕಥೆಯೂ ಇದೇ. ಕಿವುಡ ಮಕ್ಕಳಲ್ಲಿ 100ಕ್ಕೆ 90ಕ್ಕೂ ಜಾಸ್ತಿ ಮಕ್ಕಳು ಹುಟ್ಟುವುದು ಕಿವಿ ಕೇಳಿಸುವ ಅಪ್ಪ ಅಮ್ಮಂದಿರಿಗೇ.

ತಿಳಿದವರೊಬ್ಬರು, ಸನ್ನೆ ಕಲಿಸಿದರೆ ಬಾಯಿಮಾತು ಬರುವುದಿಲ್ಲ ಎಂದು ಹೆದರಿಸಿದರು. ನಂಬಿ ಆರು ತಿಂಗಳು ಕಳೆದೆವು. ಆ ಭಯ ತುಂಬ ಹಳೆಯದು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಸೇರಿದ್ದ ಕಿವುಡರ ಶಿಕ್ಷಕರ ಸಮ್ಮೇಳನ ಬಾಯಿಮಾತೇ ಮೇಲು, ಶಾಲೆಗಳಲ್ಲಿ ಸನ್ನೆ ಬೇಡ ಎಂದು ನಿರ್ಣಯ ಮಾಡಿತ್ತು. ಅದನ್ನು ತಳ್ಳಿಹಾಕಿದ್ದು 2010ರಲ್ಲಿ, ಕೆನಡಾದ ವ್ಯಾಂಕೂವರ್‌ನಲ್ಲಿ ಸೇರಿದ್ದ ಇಂಥದೇ ಸಮ್ಮೇಳನದಲ್ಲಿ. ಸನ್ನೆಯಿಂದ ಬಾಯಿಮಾತು ನಿಲ್ಲುವುದಿಲ್ಲ. ಭಾಷೆಯೇ ಇಲ್ಲದೆ ಕಳೆದ ದಿನಗಳು ಮಾತ್ರ ಮಗುವಿಗೆ ವಾಪಸ್ ಸಿಗುವುದಿಲ್ಲ. ಆ ಆರು ತಿಂಗಳ ಸಂಕಟ ನನಗೆ ಇನ್ನೂ ಇದೆ.

ಆಮೇಲೆ ಒಬ್ಬ ಕಿವುಡ ಟೀಚರ್ ವಾರಕ್ಕೆ ಎರಡು ದಿನ ಮನೆಗೆ ಬರತೊಡಗಿದರು. ಬೇಕು, ಸಾಕು, ನೋವು, ಬಾ, ಎಲ್ಲಿ. ಪದಗಳು ಬೇಗ ಬಂದವು. ಕಷ್ಟವಾಗಿದ್ದು ಕಾಯುವುದು.

ನಾನು ಒಂದು ಕೈಯಲ್ಲಿ ಚೆಂಡು ತೋರಿಸಿ ಇನ್ನೊಂದು ಕೈಯಲ್ಲಿ ಸನ್ನೆ ಮಾಡುತ್ತಿದ್ದೆ. ಅವಳ ಕಣ್ಣು ಚೆಂಡಿನ ಮೇಲೆ. ಸನ್ನೆ ಯಾರಿಗೆ ಕಾಣಬೇಕು? ಗಲ್ಲ ಹಿಡಿದು ನನ್ನ ಕಡೆ ತಿರುಗಿಸಿದೆ. ಟೀಚರ್ ತಕ್ಷಣ ನನ್ನ ಕೈ ತಡೆದರು. ಕೇಳಿಸುವ ಮಗು ಚೆಂಡು ನೋಡುತ್ತಲೇ ಮಾತನ್ನೂ ಕೇಳಬಹುದು. ಇವಳಿಗೆ ಎರಡಕ್ಕೂ ಇರುವುದು ಕಣ್ಣೇ. ಚೆಂಡನ್ನು ನೋಡಲು ಬಿಡಬೇಕು, ತಾನಾಗಿ ತಲೆ ಎತ್ತಿದಾಗ ಸನ್ನೆ ಮಾಡಬೇಕು. ಇಲ್ಲವೇ ಸನ್ನೆಯನ್ನೇ ಚೆಂಡಿನ ಪಕ್ಕಕ್ಕೆ, ಅವಳ ನೋಟದೊಳಕ್ಕೆ ಒಯ್ಯಬೇಕು. ಕಥೆ ಹೇಳುವಾಗಲೂ ಅಷ್ಟೇ. ತೊಡೆಯ ಮೇಲೆ ಕೂರಿಸಿಕೊಳ್ಳುವುದನ್ನು ಬಿಟ್ಟು ಎದುರಿಗೆ ಕೂತೆ. ಚಿತ್ರ ನೋಡಿ ಮುಗಿಸುವವರೆಗೆ ಕೈ ಸುಮ್ನೆ ಇಟ್ಟುಕೊಂಡೆ.

ಮುಖವೂ ಮಾತಾಡಬೇಕು. ಹೌದೋ ಅಲ್ಲವೋ ಎಂದು ಕೇಳುವಾಗ ಹುಬ್ಬು ಮೇಲೇರದಿದ್ದರೆ ಅದು ಪ್ರಶ್ನೆ ಅಂತಲೇ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಬಾಯಲ್ಲಿ ಮಾತಾಡುತ್ತಾ ಜೊತೆಗೇ ಸನ್ನೆ ಮಾಡುವುದನ್ನೂ ಬಿಟ್ಟೆ. ಎರಡರ ವ್ಯಾಕರಣ ಬೇರೆ. ಬಾಯಿಯ ಓಟಕ್ಕೆ ಕೈ ಅರ್ಧ ಮಾತು ನುಂಗಿಬಿಡುತ್ತದೆ.

ಇಷ್ಟಾದ ಮೇಲೆ ನಾವು ಕಲಿತೆವು ಅಂದುಕೊಂಡಿದ್ದೆ. ಊಟಕ್ಕೆ ಕೂತಾಗ ನಾನು, ಗಂಡ, ಅತ್ತೆ ಬಾಯಲ್ಲೇ ಮಾತಾಡಿಕೊಂಡು ನಗುತ್ತಿದ್ದೆವು. ಮಗಳು ನನ್ನ ಕೈ ತಟ್ಟಿ 'ಏನು?' ಎನ್ನುವಳು. 'ಆಮೇಲೆ ಹೇಳ್ತೀನಿ' ಎನ್ನುತ್ತಿದ್ದೆ. ಒಂದು ಮಧ್ಯಾಹ್ನ ಅವಳು ಗೊಂಬೆಯನ್ನು ಎದುರಿಗೆ ಕೂರಿಸಿಕೊಂಡು ಆಡುತ್ತಿದ್ದಳು. ಗೊಂಬೆಗೆ ಮತ್ತೆ ಮತ್ತೆ ಒಂದೇ ಸನ್ನೆ ಮಾಡುತ್ತಿದ್ದಳು: 'ಆಮೇಲೆ, ಆಮೇಲೆ.' ನಾನು ಅಲ್ಲೇ ಕುಸಿದು ಕೂತೆ.

ಮಕ್ಕಳು ಭಾಷೆ ಕಲಿಯುವುದು ನಾವು ಅವರಿಗೆ ಹೇಳಿದ್ದರಿಂದ ಮಾತ್ರ ಅಲ್ಲ, ಅಲ್ವಾ? ದೊಡ್ಡವರು ತಮ್ಮತಮ್ಮಲ್ಲಿ ಆಡಿದ್ದು ಕಿವಿಗೆ ಬೀಳುತ್ತಾ ಎಷ್ಟೋ ತಿಳಿಯುತ್ತದೆ. ನನ್ನ ಮಗಳಿಗೆ ಅದು ಕಣ್ಣಿಗೆ ಬೀಳಬೇಕಿತ್ತು. ಅಂದಿನಿಂದ ಅವಳು ಇರುವ ಕೋಣೆಯಲ್ಲಿ ನಮ್ಮ ನಮ್ಮ ಮಾತೂ ಸನ್ನೆಯಲ್ಲೇ. ಎಲ್ಲರ ಕೈ ಎಲ್ಲರಿಗೂ ಕಾಣುವಂತೆ ದುಂಡಗೆ ಕೂರುತ್ತೇವೆ. ಬೆಳಕು ಯಾರ ಬೆನ್ನ ಹಿಂದೆಯೂ ಇರಬಾರದು, ಇದ್ದರೆ ಮುಖ ಕಪ್ಪಾಗಿ ಕಾಣುತ್ತದೆ. ಒಬ್ಬರಾದ ಮೇಲೆ ಒಬ್ಬರು ಮಾತಾಡುತ್ತೇವೆ.

ಮೊದಲ ತಿಂಗಳು ಮನೆ ತುಂಬ ಮೌನವಾಗಿತ್ತು. ಬರುತ್ತಿದ್ದ ಪದಗಳೇ ಕಡಿಮೆ, ಹಾಗಾಗಿ ಮಾತೂ ಕಡಿಮೆ. ಅತ್ತೆಯ ಬೆರಳು ಸರಿಯಾಗಿ ಮಡಚುವುದಿಲ್ಲ. ಆದರೂ ಬಿಡಲಿಲ್ಲ. ಅವರ ಸೊಟ್ಟ ಸನ್ನೆ ಮಗಳಿಗೆ ನಮ್ಮೆಲ್ಲರಿಗಿಂತ ಬೇಗ ಅರ್ಥವಾಗುತ್ತದೆ.

ಈಗ ಅವಳಿಗೆ ಐದು ವರ್ಷ. ಮೊನ್ನೆ ನಾನೂ ಗಂಡನೂ ಬೀಗದ ಕೈ ಕಳೆದಿದ್ದು ಯಾರು ಅಂತ ಸನ್ನೆಯಲ್ಲೇ ಜಗಳಕ್ಕೆ ಬಿದ್ದಿದ್ದೆವು. ಮೂಲೆಯಲ್ಲಿ ಚಿತ್ರ ಬರೆಯುತ್ತಿದ್ದವಳು ಎದ್ದು ಬಂದು ಇಬ್ಬರ ಮೊಣಕಾಲನ್ನೂ ತಟ್ಟಿದಳು. 'ಅಜ್ಜಿ ಚೀಲದಲ್ಲಿದೆ' ಎಂದು ಹೇಳಿ ವಾಪಸ್ ಹೋಗಿ ಕೂತಳು.