ಮೇಣದ ಮುಚ್ಚಳ ಬೀಳುವ ತನಕ ಜೇನಿಗೆ ಕೈ ಹಾಕಬೇಡಿ

ಮೂಡಿಗೆರೆ, ಸಕಲೇಶಪುರದ ಕಡೆ ಹೂ ಅರಳಿಸುವ ಮಳೆ, ಅಂದರೆ ಹೂಮಳೆ, ಬಿದ್ದು ಎಂಟು-ಹತ್ತು ದಿನಕ್ಕೆ ಕಾಫಿ ತೋಟ ಬೆಳ್ಳಗಾಗುತ್ತದೆ. ಪೆಟ್ಟಿಗೆ ಬಾಗಿಲಲ್ಲಿ ನಾವು ಸಾಕುವ ತುಡುವೆ ಜೇನಿನ ಓಡಾಟ ನೋಡಿದರೆ ನಾಳೆಯೇ ತುಪ್ಪ ತೆಗೆಯೋಣ ಅನ್ನಿಸುತ್ತದೆ. ಮೊದಲ ವರ್ಷ ನಾನು ತೆಗೆದೂಬಿಟ್ಟೆ. ಸ್ವಲ್ಪ ದಿನಕ್ಕೇ ಬಾಟಲಿ ತುಂಬ ನೊರೆ, ಹುಳಿ ವಾಸನೆ.

ತಪ್ಪು ನನ್ನದೇ. ಹೂವಿಂದ ಬರುವುದು ತುಪ್ಪ ಅಲ್ಲ, ನೀರು ನೀರಾದ ಸಿಹಿ ರಸ. ಹೊರಗೆ ಹೋದ ನೊಣ ಅದನ್ನು ಹೊಟ್ಟೆಯೊಳಗಿನ ಚೀಲದಲ್ಲಿ ತಂದು ಮನೆಯಲ್ಲಿರುವ ನೊಣದ ಬಾಯಿಗೆ ದಾಟಿಸುತ್ತದೆ. ಹೀಗೆ ದಾಟುವಾಗ ಕಿಣ್ವಗಳು ಸೇರಿ ಸಕ್ಕರೆ ಒಡೆಯುತ್ತದೆ. ಆಮೇಲೆ ಎರಿಯ, ಅಂದರೆ ಮೇಣದ ಹಲ್ಲೆಯ, ಕಣ್ಣುಗಳಿಗೆ ಸುರಿದು, ರಾತ್ರಿಯೆಲ್ಲ ರೆಕ್ಕೆ ಬೀಸಿ ಆರಿಸುತ್ತವೆ. ಕತ್ತಲಾದ ಮೇಲೆ ಪೆಟ್ಟಿಗೆಗೆ ಕಿವಿ ಇಟ್ಟು ಕೇಳಿ, ಆ ಗುಂಯ್ ಸದ್ದು ಅದೇ. ನೀರಿನಂಶ ಶೇ 20ರ ಆಸುಪಾಸಿಗೆ ಇಳಿದ ಮೇಲೆ ಕಣ್ಣಿಗೆ ಮೇಣದ ಮುಚ್ಚಳ ಹಾಕುತ್ತವೆ. ಹದ ಯಾವಾಗ ಅಂತ ನಾವು ಲೆಕ್ಕ ಹಾಕುವುದೇ ಬೇಡ, ಮುಚ್ಚಳ ನೋಡಿದರೆ ಸಾಕು.

ತೆಗೆಯುವ ದಿನ ಬಿಸಿಲಿರಲಿ. ಅತ್ತರು, ಸೆಂಟು ಬೇಡ. ಬಾಳೆಹಣ್ಣು ತಿಂದು ಹೋಗಬೇಡಿ ಅಂತ ಹಳಬರು ಹೇಳಿದರೆ ನಗಬೇಡಿ. ಜೇನು ಕಚ್ಚಿದಾಗ ಉಳಿದವಕ್ಕೆ ಎಚ್ಚರಿಕೆ ಕೊಡುವ ವಾಸನೆಯಲ್ಲಿ ಬಾಳೆಹಣ್ಣಿನ ಘಮವೇ ಇದೆ! ಕಚ್ಚಿದರೆ ಮುಳ್ಳನ್ನು ತಕ್ಷಣ ಉಗುರಿನಿಂದ ಕೆರೆದು ತೆಗೆಯಿರಿ.

ಒಣ ತೆಂಗಿನ ನಾರಿನ ಹೊಗೆಯನ್ನು ಬಾಗಿಲಿಗೆ ಎರಡೇ ಎರಡು ಸಲ ಊದಿ. ಹೊಗೆಗೆ ಆ ಎಚ್ಚರಿಕೆಯ ವಾಸನೆ ಮುಚ್ಚಿಹೋಗುತ್ತದೆ. ನೊಣಗಳು ಹೊಟ್ಟೆ ತುಂಬ ತುಪ್ಪ ಕುಡಿದು ಮೆತ್ತಗಾಗುತ್ತವೆ. ಜಾಸ್ತಿ ಊದಿದರೆ ತುಪ್ಪಕ್ಕೂ ಹೊಗೆ ವಾಸನೆ.

ಮೇಲಿನ ಜೇನು ಕೋಣೆಯಲ್ಲಿ ಮಾತ್ರ ಕೈ ಹಾಕಿ. ಕೆಳಗಿನದು ಮರಿಗಳ ಸಂಸಾರ. ಒಂದೊಂದೇ ಚೌಕಟ್ಟು ಎತ್ತಿ ನೋಡಿ. ಮುಕ್ಕಾಲು ಪಾಲಿಗೆ ಮುಚ್ಚಳ ಬಿದ್ದಿದ್ದರೆ ತೆಗೆಯಿರಿ, ಇಲ್ಲದಿದ್ದರೆ ವಾಪಸ್ ಇಟ್ಟು ಒಂದು ವಾರ ಬಿಡಿ. ಬಿಸಿನೀರಲ್ಲಿ ಅದ್ದಿ ಒರೆಸಿದ ಚಾಕುವಿನಿಂದ ಮುಚ್ಚಳ ಸವರಿ, ತುಪ್ಪ ತೆಗೆಯುವ ಯಂತ್ರದಲ್ಲಿ ನಿಧಾನಕ್ಕೆ ತಿರುಗಿಸಿ. ಈ ಕೆಲಸ ಬಾಗಿಲು ಹಾಕಿದ ಕೋಣೆಯಲ್ಲೇ ಆಗಬೇಕು. ಅಂಗಳದಲ್ಲಿ ತುಪ್ಪ ಚೆಲ್ಲಿದರೆ ಪಕ್ಕದ ಪೆಟ್ಟಿಗೆಯವು ಲೂಟಿಗೆ ಬರುತ್ತವೆ. ಖಾಲಿ ಎರಿ ಅದೇ ಸಂಜೆ ವಾಪಸ್ ಹೋಗಲಿ. ಹೊಸ ಎರಿ ಕಟ್ಟಲು ಅವು ಎಷ್ಟು ತುಪ್ಪ ತಿನ್ನಬೇಕು, ಅಲ್ವಾ?

ಕಾವಲಿನ ವಿಷಯಕ್ಕೆ ಬಂದರೆ ಅವಕ್ಕೆ ನಮ್ಮ ಸಹಾಯ ಅಷ್ಟಾಗಿ ಬೇಡ. ಬಾಗಿಲಲ್ಲಿ ನಿಂತವು ಬಂದವರನ್ನೆಲ್ಲ ಮೂಸಿ ನೋಡುತ್ತವೆ. ದೊಡ್ಡ ಕಣಜ ನುಗ್ಗಿದರೆ ನೂರಾರು ತುಡುವೆಗಳು ಮುತ್ತಿಕೊಂಡು ಉಂಡೆಯಾಗಿ, ಮೈ ಅದುರಿಸಿ, ಸುಮಾರು 45 ಡಿಗ್ರಿ ಶಾಖಕ್ಕೆ ಅದನ್ನು ಬೇಯಿಸಿಬಿಡುತ್ತವೆ. ಆದರೆ ಇರುವೆ ಸಾಲುಗಟ್ಟಿ ಬಂದರೆ ಮನೆ ಬಿಟ್ಟೇ ಹೋಗಬಹುದು. ಸ್ಟ್ಯಾಂಡಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ಇಡಿ.

ಎಲ್ಲವನ್ನೂ ಬಳಿದುಕೊಳ್ಳಬೇಡಿ. ನಮ್ಮ ಕಡೆ ಜೂನ್‌ನಿಂದ ಮಳೆ ಹಿಡಿದರೆ ವಾರಗಟ್ಟಲೆ ಅವು ಹೊರಗೆ ಹಾರಲಾರವು. ಒಂದೆರಡು ಚೌಕಟ್ಟು ಬಿಡಿ. ಸಾಲದಿದ್ದರೆ ಸಮಪಾಲು ಸಕ್ಕರೆ, ನೀರು ಕರಗಿಸಿ, ಆರಿದ ಮೇಲೆ ಕತ್ತಲಾಗುವ ಹೊತ್ತಿಗೆ ಪೆಟ್ಟಿಗೆಯೊಳಗೇ ಇಡಿ. ಅದರಲ್ಲಿ ನಾಲ್ಕು ಕಡ್ಡಿ ತೇಲಿಬಿಡಿ, ಇಲ್ಲದಿದ್ದರೆ ಕುಡಿಯಲು ಬಂದವು ಮುಳುಗುತ್ತವೆ.