ತೊಗಲಿನ ವಸ್ತು ಹದವಾಗಿ ಮಾಗಲು ಏನು ಮಾಡಬೇಕು?

ಅಥಣಿ, ನಿಪ್ಪಾಣಿ ಕಡೆಯಿಂದ ತಂದ ಹೊಸ ಕೊಲ್ಹಾಪುರಿ ಚಪ್ಪಲಿಗೆ ಬಣ್ಣ ಹಾಕಿರದಿದ್ದರೆ ಅದು ಮೊದಲಿಗೆ ತಿಳಿ ಕಂದು ಬಣ್ಣದಲ್ಲಿರುತ್ತದೆ. ಒಂದೆರಡು ವರ್ಷ ಮೆಟ್ಟಿದ ಮೇಲೆ ಅದೇ ಜೋಡು ಗಾಢ ಕಂದಾಗಿ, ಹಿಮ್ಮಡಿ ಮತ್ತು ಬೆರಳು ಊರುವ ಜಾಗದಲ್ಲಿ ನುಣ್ಣನೆಯ ಹೊಳಪು ಪಡೆಯುತ್ತದೆ. ಬೆಲ್ಟು, ಪರ್ಸು, ಹೆಗಲ ಚೀಲಗಳಲ್ಲೂ ಬಳಕೆಯಿಂದ ಹೀಗೆ ನಿಧಾನವಾಗಿ ಕೂಡಿಕೊಳ್ಳುವ ಬಣ್ಣ ಮತ್ತು ಹೊಳಪಿಗೆ ಪ್ಯಾಟಿನಾ ಎಂಬ ಹೆಸರಿದೆ. ಅಂಗಡಿಯಲ್ಲಿ ‘ಆ್ಯಂಟಿಕ್ ಫಿನಿಶ್’ ಎಂದು ಮಾರುವ ಚೀಲಗಳ ಅಂಚಿನ ಕಪ್ಪು ಬಣ್ಣ ಬೇರೆಯೇ ಸಂಗತಿ. ಅದು ಹಚ್ಚಿ ತಂದದ್ದು, ಸವೆದಂತೆ ಹೋಗುವಂಥದ್ದು. ನಿಜವಾದ ಮಾಗುವಿಕೆಯನ್ನು ಯಾರೂ ಹಚ್ಚಿ ತರಲಾರರು. ಚರ್ಮ ಒಣಗಿ ಬಿರಿಯದಂತೆ, ಬೂಷ್ಟು ಹಿಡಿಯದಂತೆ ಕಾಯುವುದಷ್ಟೇ ಬಳಸುವವರ ಕೆಲಸ. ಉಳಿದದ್ದನ್ನು ಬೆಳಕು, ಗಾಳಿ ಮತ್ತು ಕೈಯ ಒಡನಾಟ ಮಾಡುತ್ತವೆ.

ಮೊದಲು ಚರ್ಮ ಯಾವುದೆಂದು ತಿಳಿಯಿರಿ

ಎಲ್ಲ ಚರ್ಮವೂ ಮಾಗುವುದಿಲ್ಲ. ಹಸಿ ತೊಗಲು ಕೊಳೆಯದಂತೆ ಹದ ಮಾಡುವ ವಿಧಾನಗಳಲ್ಲಿ ಮುಖ್ಯವಾದವು ಎರಡು. ಮರದ ತೊಗಟೆ ಮತ್ತು ಕಾಯಿಗಳ ಒಗರು ರಸದಲ್ಲಿ ವಾರಗಟ್ಟಲೆ ನೆನೆಸುವುದು ಹಳೆಯ ವಿಧಾನ. ಕೊಲ್ಹಾಪುರಿ ಚಪ್ಪಲಿಯ ಚರ್ಮಕ್ಕೆ ಜಾಲಿಯ ತೊಗಟೆಯನ್ನೂ ಅಳಲೆಕಾಯಿಯನ್ನೂ ಬಳಸುತ್ತಾರೆ. ತೊಗಲನ್ನೇ ಚೀಲದಂತೆ ಹೊಲಿದು, ಅದರೊಳಗೆ ಒಗರು ನೀರು ತುಂಬಿ ತೂಗುಹಾಕುವುದು ಅಲ್ಲಿನ ಸಂಪ್ರದಾಯ. (2019ರಲ್ಲಿ ಈ ಚಪ್ಪಲಿಗೆ ಭೌಗೋಳಿಕ ಸೂಚಿಕೆ ದೊರೆತಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ನಮ್ಮ ಬೆಳಗಾವಿ, ಬಾಗಲಕೋಟೆ, ಧಾರವಾಡ ಮತ್ತು ವಿಜಯಪುರಕ್ಕೂ ಪಾಲು ಸಿಕ್ಕಿತು ಎಂಬುದನ್ನು ಕೊಳ್ಳುವವರು ಎಷ್ಟೋ ಸಲ ಮರೆಯುತ್ತಾರೆ.) ತಂಗಡಿ ಗಿಡದ ತೊಗಟೆಯನ್ನೂ ದಕ್ಷಿಣ ಭಾರತದಲ್ಲಿ ಬಹುಕಾಲ ಇದೇ ಕೆಲಸಕ್ಕೆ ಬಳಸಿದ್ದಾರೆ. ಎರಡನೆಯದು, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಳಕೆಗೆ ಬಂದ ಕ್ರೋಮಿಯಂ ಲವಣದ ವಿಧಾನ. ಇದರಲ್ಲಿ ಕೆಲಸ ಬೇಗ ಮುಗಿಯುವುದರಿಂದ ಇಂದು ಜಗತ್ತಿನ ಬಹುಪಾಲು ಚರ್ಮ ಹೀಗೆಯೇ ಹದವಾಗುತ್ತದೆ. ಕ್ರೋಮ್ ಚರ್ಮ ಮೃದುವಾಗಿದ್ದು ನೀರನ್ನು ಹೆಚ್ಚು ತಾಳಿಕೊಳ್ಳುತ್ತದೆಯಾದರೂ ಅದರ ಬಣ್ಣ ಅಷ್ಟಾಗಿ ಬದಲಾಗುವುದಿಲ್ಲ.

ತೊಗಟೆಯಲ್ಲಿ ಹದವಾದ ಚರ್ಮ ಬಣ್ಣ ತಿರುಗುವುದಕ್ಕೆ ಅದರೊಳಗೆ ಉಳಿದಿರುವ ಆ ಒಗರು, ಅಂದರೆ ಟ್ಯಾನಿನ್, ಮುಖ್ಯ ಕಾರಣ. ಹೆಚ್ಚಿಟ್ಟ ಬಾಳೆಕಾಯಿ ಗಾಳಿ ತಗುಲಿ ಕಪ್ಪಾಗುವ ಹಾಗೆ, ಟ್ಯಾನಿನ್ ಕೂಡ ಆಮ್ಲಜನಕ ಮತ್ತು ಬೆಳಕಿಗೆ ಒಡ್ಡಿಕೊಂಡು ಕಂದೇರುತ್ತದೆ. ಜಾಲಿ ತೊಗಟೆಯದು ಬೇಗ ಕೆಂಪಿಗೆ ತಿರುಗಿದರೆ, ಅಳಲೆಕಾಯಿಯದು ಅಷ್ಟು ಬೇಗ ತಿರುಗುವುದಿಲ್ಲ. ಇದರ ಜೊತೆಗೆ ಚರ್ಮಕ್ಕೆ ಊಡಿಸಿದ ಎಣ್ಣೆ, ನಮ್ಮ ಕೈಯ ಜಿಡ್ಡು ಮತ್ತು ಬೆವರು ಸೇರಿಕೊಂಡು ಬಣ್ಣ ಗಾಢವಾಗುತ್ತದೆ, ಉಜ್ಜಾಟದಿಂದ ಮೇಲ್ಪದರದ ಎಳೆಗಳು ಒತ್ತಿಕೊಂಡು ಹೊಳಪು ಬರುತ್ತದೆ.

ನಿಮ್ಮ ಬಳಿ ಇರುವುದು ಯಾವ ಚರ್ಮವೆಂದು ಪರೀಕ್ಷಿಸಲು ಕತ್ತರಿಸಿದ ಅಂಚನ್ನು ನೋಡಿ. ಬಣ್ಣ ಒಳತನಕ ಇಳಿದಿರದ ಕ್ರೋಮ್ ಚರ್ಮದ ನಡುಪದರ ನೀಲಿ ಬೆರೆತ ಬೂದು ಬಣ್ಣದಲ್ಲಿರುತ್ತದೆ; ತೊಗಟೆ ಹದದ ಚರ್ಮ ಉದ್ದಕ್ಕೂ ಕಂದು. ಬಳಿಕ ಎದ್ದು ಕಾಣದ ಜಾಗದಲ್ಲಿ ಒಂದೇ ಒಂದು ಹನಿ ನೀರು ಬಿಡಿ. ಹನಿ ಮೆಲ್ಲಗೆ ಒಳಗಿಳಿದು ಆ ಜಾಗ ಗಾಢವಾಗಿ, ಒಣಗಿದ ಮೇಲೆ ಬಹುಮಟ್ಟಿಗೆ ಮೊದಲಿನಂತಾದರೆ ಮೇಲ್ಮೈಗೆ ಲೇಪವಿಲ್ಲವೆಂದು ಅರ್ಥ. ಹನಿ ಮುತ್ತಿನಂತೆ ನಿಂತೇ ಇದ್ದರೆ ಮೇಲೆ ಪ್ಲಾಸ್ಟಿಕ್ ಅಥವಾ ಮೇಣದ ಪದರವಿದೆ. ಪ್ಲಾಸ್ಟಿಕ್ ಲೇಪವಿರುವ ಚರ್ಮವಾಗಲಿ, ರೆಕ್ಸಿನ್ ಆಗಲಿ, ಚರ್ಮದ ಪುಡಿಯನ್ನು ಅಂಟಿಸಿ ಮಾಡಿದ ಹಾಳೆಯಾಗಲಿ ಸವೆಯುತ್ತವೆ, ಸಿಪ್ಪೆ ಏಳುತ್ತವೆ, ಮಾಗುವುದಿಲ್ಲ. ಅವಕ್ಕೆ ಎಣ್ಣೆ ಹಚ್ಚಿ ಫಲವಿಲ್ಲ.

ಬೆಳಕು ತೋರಿಸಿ, ಆಮೇಲೆ ಬಳಸಿ

ತಿಳಿ ಬಣ್ಣದ ಹೊಸ ಪರ್ಸು ಅಥವಾ ಬೆಲ್ಟನ್ನು ಮೊದಲ ಕೆಲವು ದಿನ ಕಿಟಕಿಯ ಬಳಿ, ಎಳೆಬಿಸಿಲು ಬೀಳುವಲ್ಲಿ ಇಡಬಹುದು. ಇದರಿಂದ ಇಡೀ ವಸ್ತುವಿನ ಬಣ್ಣ ಒಂದೇ ಸಮನಾಗಿ ತುಸು ಏರಿ, ಮೊದಲ ಕಲೆಗಳು ಎದ್ದು ಕಾಣುವುದು ತಪ್ಪುತ್ತದೆ. ಮಧ್ಯಾಹ್ನದ ಬಿರುಬಿಸಿಲು ಬೇಡ. ಅದು ಎಣ್ಣೆಯಂಶವನ್ನು ಹೀರಿ ಚರ್ಮವನ್ನು ಸೆಟೆಸುತ್ತದೆ. ಮಗ್ಗುಲು ಬದಲಿಸುತ್ತಿರಬೇಕು, ಪಟ್ಟಿಗಳು ಒಂದರ ಮೇಲೊಂದು ಬೀಳದಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ಪಟ್ಟಿಯ ನೆರಳು ಬಿದ್ದ ಜಾಗ ಬಿಳಿಚಿದ ಗೆರೆಯಾಗಿ ಬಹುಕಾಲ ಉಳಿಯುತ್ತದೆ.

ನಂತರ ಮಾಡಬೇಕಾದದ್ದು ಬಳಸುವುದು, ಅಷ್ಟೇ. ಕೆಲವು ತಿಂಗಳು ಜೇಬಿನಲ್ಲಿದ್ದ ಪರ್ಸನ್ನು ಬಿಡಿಸಿ ನೋಡಿದರೆ ಅಂಚುಗಳು ಮತ್ತು ಹೆಬ್ಬೆರಳು ಊರುವ ಮೂಲೆ ಎಲ್ಲಕ್ಕಿಂತ ಗಾಢವಾಗಿರುವುದು, ಒಳಗಿನ ಕಾರ್ಡಿನ ಆಕಾರ ಹೊರಮೈಯಲ್ಲಿ ಉಬ್ಬಿ ಆ ಉಬ್ಬಿನ ಸುತ್ತಲೂ ಹೊಳಪಿನ ಗೆರೆ ಮೂಡಿರುವುದು, ಕೈಯೂ ಬೆಳಕೂ ತಾಗದ ಒಳಮಡಿಕೆ ಮಾತ್ರ ಹೊಸತರಂತೆಯೇ ಇರುವುದು ಕಾಣುತ್ತದೆ. ಉಗುರಿನ ಗೀರು ಬಿದ್ದರೆ ಗಾಬರಿಯಾಗಬೇಕಿಲ್ಲ. ಹೆಬ್ಬೆರಳಿನಿಂದ ವರ್ತುಲಾಕಾರದಲ್ಲಿ ಉಜ್ಜಿದರೆ ಬೆರಳಿನ ಬಿಸಿಗೆ ಒಳಗಿನ ಎಣ್ಣೆ ಅತ್ತಿತ್ತ ಸರಿದು ಗೀರು ಮಸುಕಾಗುತ್ತದೆ. ಬೂಟಿನ ಬಣ್ಣದ ಪಾಲಿಶ್ ಬಳಿದು ಮುಚ್ಚುವುದು ನನ್ನ ಮಟ್ಟಿಗೆ ಕೆಟ್ಟ ಪರಿಹಾರ, ಯಾಕೆಂದರೆ ಆಮೇಲೆ ಕಾಣುವುದು ಪಾಲಿಶ್ಶಿನ ಬಣ್ಣವೇ ಹೊರತು ಚರ್ಮದ್ದಲ್ಲ. ಸಾಲದ್ದಕ್ಕೆ ಅದು ಅಂಗಿಗೂ ಹತ್ತುತ್ತದೆ.

ಎಣ್ಣೆ ಎಷ್ಟು?

ಹೆಚ್ಚಿನವರು ಎಡವುವುದು ಇಲ್ಲಿಯೇ. ಚರ್ಮ ಒಣಗಿದಂತೆ ಕಂಡಾಗ, ಬಾಗಿಸಿದರೆ ಸಣ್ಣ ನೆರಿಗೆಗಳು ಬಿಳಿಚಿದಂತೆ ತೋರಿದಾಗ ಮಾತ್ರ ಎಣ್ಣೆ ಬೇಕು. ವರ್ಷಕ್ಕೆ ಎರಡು ಮೂರು ಸಲಕ್ಕಿಂತ ಹೆಚ್ಚು ಬೇಕಾಗುವುದು ಅಪರೂಪ. ಮೊದಲು ಒಣಬಟ್ಟೆಯಿಂದ ದೂಳು ಒರೆಸಿ. ಬಟ್ಟೆ ಸೋಪು, ಪಾತ್ರೆ ಸೋಪು ಮುಟ್ಟಿಸಬೇಡಿ, ಏಕೆಂದರೆ ಚರ್ಮ ಸಹಜವಾಗಿ ತುಸು ಆಮ್ಲೀಯ, ಕ್ಷಾರ ಅದಕ್ಕೆ ಹಗೆ. ಬಳಿಕ ಹತ್ತಿಬಟ್ಟೆಯ ತುದಿಗೆ ನಾಲ್ಕಾರು ಹನಿ ಎಣ್ಣೆ ಹಾಕಿ, ಬಟ್ಟೆಯನ್ನೇ ಉಜ್ಜಿ ಎಣ್ಣೆ ಹರಡಿಕೊಂಡ ಮೇಲೆ ಚರ್ಮಕ್ಕೆ ತೆಳುವಾಗಿ ಸವರಿ. ಒಂದು ರಾತ್ರಿ ಬಿಟ್ಟು, ಉಳಿದ ಜಿಡ್ಡನ್ನು ಬೇರೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಚರ್ಮಕ್ಕೆಂದೇ ಸಿಗುವ, ದನದ ಕಾಲಿನ ಮೂಳೆಯಿಂದ ತೆಗೆದ ನೀಟ್ಸ್‌ಫುಟ್ ಎಣ್ಣೆ ಅಥವಾ ಜೇನುಮೇಣ ಬೆರೆತ ಮುಲಾಮು ಒಳ್ಳೆಯದು. ಕೊಬ್ಬರಿ ಎಣ್ಣೆ ಮನೆಯಲ್ಲೇ ಇರುತ್ತದೆ, ಚಪ್ಪಲಿಗೆ ಅದು ನಡೆದೀತು. ಆದರೆ ಪರ್ಸು, ಚೀಲಗಳಿಗೆ ಬೇಡವೆನ್ನುವುದು ನನ್ನ ಅಭಿಪ್ರಾಯ. ಹೆಚ್ಚಾದ ಎಣ್ಣೆ ಚರ್ಮವನ್ನು ಜೋಲು ಮಾಡಿ, ಹೊಲಿಗೆ ಸಡಿಲವಾಗುವಂತೆ ಮಾಡುತ್ತದೆ, ಮತ್ತು ಒಮ್ಮೆ ಒಳಗಿಳಿದದ್ದನ್ನು ಹೊರತೆಗೆಯುವುದು ಬಲು ಕಷ್ಟ.

ನೀರು, ಕಬ್ಬಿಣ, ಮಳೆಗಾಲ

ಚರ್ಮ ನೆನೆದರೆ ಒತ್ತಿ ಒರೆಸಿ, ಒಳಗೆ ಬಿಳಿ ಕಾಗದ ತುರುಕಿ, ನೆರಳಿನಲ್ಲಿ ಗಾಳಿಗೆ ಆರಲು ಬಿಡಿ. ಒಲೆಯ ಪಕ್ಕ ಇಡುವುದು ಕೂಡದು; ತೊಗಟೆ ಹದದ ಚರ್ಮ ಒದ್ದೆಯಾಗಿರುವಾಗ ಸುಮಾರು 70ರಿಂದ 85 ಡಿಗ್ರಿ ಸೆಲ್ಸಿಯಸ್ ಬಿಸಿಗೇ ಮುದುಡಿ ಗಡುಸಾಗುತ್ತದೆ, ಮತ್ತೆ ಸರಿಹೋಗುವುದಿಲ್ಲ. ಒಂದೆಡೆ ಮಾತ್ರ ಹನಿ ಬಿದ್ದು ಅಂಚುಕಟ್ಟಿದ ಕಲೆಯಾಗಿದ್ದರೆ, ಹಿಂಡಿದ ಒದ್ದೆಬಟ್ಟೆಯಿಂದ ಆ ಮಗ್ಗುಲನ್ನೆಲ್ಲ ಸಮನಾಗಿ ತೇವ ಮಾಡಿ ಒಣಗಿಸಿದರೆ ಕಲೆಯ ಅಂಚು ಕರಗುತ್ತದೆ.

ಒದ್ದೆ ಚರ್ಮದ ಮೇಲೆ ಬೀಗದಕೈಯನ್ನೋ ಕಬ್ಬಿಣದ ಬಕಲನ್ನೋ ಬಿಟ್ಟರೆ ಕಡುನೀಲಿ ಕಲೆಯೊಂದು ಮೂಡುತ್ತದೆ. ಅದು ಕೊಳೆಯಲ್ಲ, ಕಬ್ಬಿಣ ಮತ್ತು ಟ್ಯಾನಿನ್ ಕೂಡಿ ಆದ ಮಸಿ. ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಎಂಬ ಕಬ್ಬಿಣದ ಲವಣ ಹಾಕಿ ಹಿಂದೆ ಬರವಣಿಗೆಗೆ ಮಸಿ ಮಾಡುತ್ತಿದ್ದುದೂ ಇದೇ ಕ್ರಿಯೆಯಿಂದ. ಕಲೆ ತಾಜಾ ಇದ್ದರೆ ನೀರು ಬೆರೆಸಿದ ನಿಂಬೆರಸವನ್ನು ಹತ್ತಿಯಲ್ಲಿ ಒತ್ತಿ, ಕೂಡಲೇ ಒದ್ದೆಬಟ್ಟೆಯಿಂದ ಒರೆಸಿದರೆ ಬಹುಮಟ್ಟಿಗೆ ಬಿಡುತ್ತದೆ.

ಮಲೆನಾಡು, ಕರಾವಳಿಯವರಿಗೆ ಮಳೆಗಾಲದ ಬೂಷ್ಟಿನ ಕಾಟ ಗೊತ್ತಿದ್ದದ್ದೇ. ಗಾಳಿಯ ಸಾಪೇಕ್ಷ ತೇವಾಂಶ ಶೇ 65–70 ದಾಟಿದ ಮೇಲೆ ಅದು ಬೆಳೆಯತೊಡಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ತೇವವನ್ನು ಒಳಗೇ ಕೂಡಿಹಾಕಿದಂತೆ. ಹತ್ತಿಬಟ್ಟೆಯಲ್ಲಿ ಸುತ್ತಿ ಗಾಳಿಯಾಡುವ ಕಡೆ ಇಡಿ, ವಾರಕ್ಕೊಮ್ಮೆ ಹೊರತೆಗೆಯಿರಿ. ಮೇಲೆ ಬಿಳಿ ಪುಡಿ ಕಂಡರೆ ಅದೆಲ್ಲ ಬೂಷ್ಟೇ ಆಗಿರಬೇಕಿಲ್ಲ. ಅಂಗೈ ಬಿಸಿಗೆ ಉಜ್ಜಿದಾಗ ಕರಗಿ ಒಳಗೆ ಸೇರಿದರೆ ಅದು ಚರ್ಮದ್ದೇ ಮೇಣ. ಕರಗದೆ ನಯವಾದ ಎಳೆಎಳೆಯಾಗಿದ್ದು ಮುಗ್ಗು ವಾಸನೆ ಬಂದರೆ ಬೂಷ್ಟು. ಅದನ್ನು ಮನೆಯ ಹೊರಗೆ ಒಣ ಬ್ರಷ್ಷಿನಿಂದ ಉದುರಿಸಿ, ಗಾಳಿಗೆ ಆರಿಸಬೇಕು.

ಹಳೆಯ ಪುಸ್ತಕಗಳ ಚರ್ಮದ ರಟ್ಟಿನಲ್ಲಿ ಕಾಣುವ ಕೆಂಪು ಪುಡಿಯನ್ನು ಮಾತ್ರ ಮಾಗುವಿಕೆ ಎಂದು ಭ್ರಮಿಸಬಾರದು. ಮುಟ್ಟಿದರೆ ಬೆರಳಿಗೆ ಹತ್ತುವ ಈ ಪುಡಿ, ಗಾಳಿಯಲ್ಲಿನ ಗಂಧಕದ ಡೈಆಕ್ಸೈಡ್‌ನಿಂದ ಉಂಟಾದ ಆಮ್ಲವು ತೊಗಟೆ ಹದದ ಚರ್ಮದ ಎಳೆಗಳನ್ನೇ ತಿಂದುಹಾಕಿದ್ದರ ಗುರುತು. ಅಂಥದ್ದಕ್ಕೆ ಎಣ್ಣೆ ಹಚ್ಚಿದರೆ ಕಪ್ಪಾಗಿ ಇನ್ನಷ್ಟು ಗಡುಸಾಗುತ್ತದೆ. ಹೋದ ಬಲ ಯಾವ ಉಪಚಾರದಿಂದಲೂ ಮರಳುವುದಿಲ್ಲವಾದ್ದರಿಂದ, ಆ ಪುಸ್ತಕವನ್ನು ಆಮ್ಲರಹಿತ ಕಾಗದದಲ್ಲಿ ಸುತ್ತಿಟ್ಟು, ಬೆಲೆಬಾಳುವಂಥದ್ದಾದರೆ ಗ್ರಂಥ ಸಂರಕ್ಷಣೆ ಬಲ್ಲವರಿಗೆ ತೋರಿಸುವುದು ಸರಿ.